ಉತ್ತೀರ್ಣಳಾದ ಮಗಳ ಹೆಸರು ನೋಂದಣಿಯಾಗಿದೆಯೇ?

ಶುಶ್ರೂಷಾ ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ನಮ್ಮ ಧರ್ಮಕೇಂದ್ರಗಳಲ್ಲಿ ಕೃತಜ್ಞತಾ ಪೂಜೆಗೆ ಹೆಸರು ಬರೆಸುವ ತಾಯ್ತಂದೆಯರನ್ನು ಕಾಣುತ್ತೇವೆ. ರೇಷ್ಮೆಹುಳು ಸಾಕಿ, ಗೂಡು ಮಾರಿ, ಸಂಘದಲ್ಲಿ ಸಾಲವೆತ್ತಿ ಮಗಳನ್ನು ಓದಿಸಿದವರು ಅವರು. ಅವರ ಸಂತೋಷ ನ್ಯಾಯವಾದದ್ದೇ. ಆದರೆ ಪೂಜೆ ಮುಗಿದ ಮರುವಾರವೇ ಆ ಹುಡುಗಿ ಯಾವುದೋ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಬಿಳಿಯುಡುಪು ತೊಟ್ಟು ರಾತ್ರಿ ಪಾಳಿಗೆ ನಿಂತಿರುತ್ತಾಳೆ. ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದ್ದಾಯಿತೇ ಎಂದು ವಿಚಾರಿಸಿದರೆ ‘ಆಮೇಲೆ ಮಾಡಿಸಿದರಾಯಿತು’ ಎಂಬ ಉತ್ತರ ಬರುತ್ತದೆ. ಆ ‘ಆಮೇಲೆ’ ಎಂಬುದು ಒಂದು ವರ್ಷವಾಗಿ, ಮೂರು ವರ್ಷವಾಗಿ, ಮದುವೆಯಾಗಿ, ಮಗುವಾಗಿ, ಕಡೆಗೆ ಸರ್ಕಾರಿ ನೇಮಕಾತಿಯ ಪ್ರಕಟಣೆ ಹೊರಬಿದ್ದಾಗ ಕಣ್ಣೀರಾಗುತ್ತದೆ. ಈ ವಾರ ಆ ವಿಳಂಬವನ್ನು ಕುರಿತೇ ಎರಡು ಮಾತು ಬರೆಯಬೇಕೆನಿಸಿದೆ.

ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಬೇರೆ, ದಾದಿಯಾಗಿ ನೋಂದಣಿಯಾಗುವುದು ಬೇರೆ. ಕಾನೂನು ಪದವಿ ಪಡೆದವನು ವಕೀಲರ ಪರಿಷತ್ತಿನ ಪಟ್ಟಿಗೆ ಸೇರುವವರೆಗೆ ಕರಿಕೋಟು ತೊಟ್ಟು ವಾದಿಸಲಾಗದೆಂಬುದು ನಮ್ಮ ಹಳ್ಳಿಗರಿಗೂ ಗೊತ್ತು. ದಾದಿಯರ ವಿಷಯದಲ್ಲೂ ನಿಯಮ ಹಾಗೆಯೇ ಇದೆ. ಬಿ.ಎಸ್ಸಿ. ನರ್ಸಿಂಗ್ ಓದಿದವರಿಗೆ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ; ಜಿ.ಎನ್.ಎಂ. ಡಿಪ್ಲೊಮಾದ ಪರೀಕ್ಷೆ ನಡೆಸುವುದು ಅದಕ್ಕೆಂದೇ ಇರುವ ರಾಜ್ಯ ಪರೀಕ್ಷಾ ಮಂಡಳಿ. ಆದರೆ ‘ಈಕೆ ರೋಗಿಯನ್ನು ಮುಟ್ಟಲು ಅರ್ಹಳು’ ಎಂದು ಹೆಸರು ಬರೆದುಕೊಂಡು ಸಂಖ್ಯೆ ಕೊಡುವ ಅಧಿಕಾರ ಇವೆರಡಕ್ಕೂ ಇಲ್ಲ. ಅದು 1961ರ ದಾದಿಯರು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆಯ ಮೇರೆಗೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿಗೆ, ಅಂದರೆ ಎಲ್ಲರ ಬಾಯಲ್ಲಿರುವ ನರ್ಸಿಂಗ್ ಕೌನ್ಸಿಲಿಗೆ, ಸೇರಿದ್ದು. ಹೆಸರಿನ ಮುಂದೆ ಆರ್.ಎನ್., ಆರ್.ಎಂ. ಎಂದು ಬರೆದುಕೊಳ್ಳುವ ಹಕ್ಕು ಹುಟ್ಟುವುದು ಅಲ್ಲಿಂದಲೇ.

ಇಂಥದೊಂದು ಪಟ್ಟಿ ಬೇಕೇ ಎಂಬ ವಾದ ಒಂದು ಕಾಲದಲ್ಲಿ ದೊಡ್ಡವರ ನಡುವೆಯೇ ನಡೆದಿತ್ತು. ಆಧುನಿಕ ಶುಶ್ರೂಷೆಯ ತಾಯಿಯೆನಿಸಿದ ಫ್ಲಾರೆನ್ಸ್ ನೈಟಿಂಗೇಲ್ ನೋಂದಣಿಯನ್ನು ವಿರೋಧಿಸಿದರು. ಒಳ್ಳೆಯ ದಾದಿಯ ಗುಣಶೀಲವನ್ನು ಪರೀಕ್ಷೆಯಾಗಲಿ ಪಟ್ಟಿಯಾಗಲಿ ಅಳೆಯಲಾರದೆಂಬುದು ಆಕೆಯ ನಿಲುವಾಗಿತ್ತು. ಜಗತ್ತು ಆಕೆಯ ಮಾತನ್ನು ಕೇಳಲಿಲ್ಲ. ನ್ಯೂಜಿಲೆಂಡ್ 1901ರಲ್ಲಿ ದಾದಿಯರ ನೋಂದಣಿಗೇ ಮೀಸಲಾದ ಕಾಯ್ದೆ ಮಾಡಿತು, ಬ್ರಿಟನ್ 1919ರಲ್ಲಿ ಮಾಡಿತು. ನಮ್ಮಲ್ಲಿ ಮದರಾಸು ಪ್ರಾಂತ್ಯದ ಕಾಯ್ದೆ 1926ರಲ್ಲಿ ಬಂದರೆ, ಸ್ವಾತಂತ್ರ್ಯ ಬಂದ ವರ್ಷವೇ, 1947ರಲ್ಲಿ, ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಬಂದಿತು. ನೈಟಿಂಗೇಲ್ ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಮಂಚದ ಮೇಲೆ ಮಲಗಿರುವ ರೋಗಿಗೆ ದಾದಿಯ ಶೀಲವನ್ನು ಪರೀಕ್ಷಿಸುವ ವ್ಯವಧಾನವೆಲ್ಲಿ? ಸೂಜಿ ಹಿಡಿದು ಬಂದವಳು ಕಲಿತು ಬಂದಿದ್ದಾಳೆಂಬ ಒಂದು ಭರವಸೆಯಾದರೂ ಅವನಿಗೆ ಬೇಕು.

ನಮ್ಮ ಧರ್ಮಸಭೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿಯೇ ಮಾತಾಡಿದೆ. ಕನ್ಯಾಸ್ತ್ರೀಯರು ವೈದ್ಯಕೀಯದಲ್ಲಿ, ಅದರಲ್ಲೂ ಹೆರಿಗೆಯ ಕೆಲಸದಲ್ಲಿ, ತೊಡಗುವುದಕ್ಕೆ ಬಹುಕಾಲ ಇದ್ದ ನಿರ್ಬಂಧವನ್ನು ರೋಮಿನ ಧರ್ಮಪ್ರಚಾರ ಸಂಸ್ಥೆ 1936ರಲ್ಲಿ ಸಡಿಲಿಸಿದಾಗ, ಸೇವೆಗಿಳಿಯುವ ಸೋದರಿಯರು ವೈದ್ಯೆಯರಾಗಿ ಇಲ್ಲವೇ ದಾದಿಯರಾಗಿ ಯೋಗ್ಯ ಪ್ರಮಾಣಪತ್ರ ಪಡೆದಿರಬೇಕೆಂದು ಬಯಸಿತು. ಆಸ್ಟ್ರೇಲಿಯಾದಿಂದ ಗುಂಟೂರಿಗೆ ಬಂದು ನೆಲೆಸಿದ ವೈದ್ಯೆ, ಸನ್ಯಾಸಿನಿ ಮೇರಿ ಗ್ಲೋರಿ ಅವರು 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸೋದರಿಯರು 1886ರಷ್ಟು ಹಿಂದೆಯೇ ಆರಂಭಿಸಿದ ಸಂತ ಮಾರ್ತಾ ಆಸ್ಪತ್ರೆಯಂತೂ ನಮ್ಮೆಲ್ಲರಿಗೂ ಪರಿಚಿತವೇ. ಕರುಣೆ ಇದ್ದವರಿಗೆ ಕಾಗದವೇಕೆ ಎಂದು ಕೇಳುವವರು ನಮ್ಮ ನಡುವೆ ಇಂದಿಗೂ ಇದ್ದಾರೆ. ಆ ಪ್ರಶ್ನೆಗೆ ಎಂಬತ್ತು ತೊಂಬತ್ತು ವರ್ಷಗಳ ಹಿಂದೆಯೇ ಉತ್ತರ ದೊರೆತಿದೆ.

ಇನ್ನು ಕಾರ್ಯರೂಪದ ಮಾತು. ನೋಂದಣಿಯ ಸಿದ್ಧತೆ ಕಾಲೇಜಿಗೆ ಸೇರುವುದಕ್ಕೆ ಮೊದಲೇ ಆರಂಭವಾಗಬೇಕು. ದಾದಿಯರ ವೃತ್ತಿಗೆ ಹೆಣ್ಣುಮಕ್ಕಳನ್ನು ಕಳಿಸುವವರು ತಿಳಿದಿರಬೇಕಾದ ತರಗತಿಗಳು ಮುಖ್ಯವಾಗಿ ಮೂರೇ: ಎರಡು ವರ್ಷದ ಎ.ಎನ್.ಎಂ., ಮೂರು ವರ್ಷದ ಜಿ.ಎನ್.ಎಂ., ನಾಲ್ಕು ವರ್ಷದ ಬಿ.ಎಸ್ಸಿ. ಪೇಟೆಯ ಮಹಡಿಗಳ ಮೇಲೆ ಫಲಕ ತೂಗುಹಾಕಿರುವ ಆರು ತಿಂಗಳ, ಒಂದು ವರ್ಷದ ‘ನರ್ಸಿಂಗ್ ಅಸಿಸ್ಟೆಂಟ್’, ‘ಹೋಮ್ ನರ್ಸಿಂಗ್’ ತರಬೇತಿಗಳಿಂದ ಹೊಟ್ಟೆಪಾಡಿನ ಕೆಲಸ ಸಿಗಬಹುದು. ಕೌನ್ಸಿಲಿನ ದಾದಿಯರ ಪಟ್ಟಿಯಲ್ಲಿ ಸ್ಥಾನ ಸಿಗದು. ಇದನ್ನು ಮೊದಲೇ ಹೇಳದೆ ಶುಲ್ಕ ವಸೂಲು ಮಾಡುವವರಿದ್ದಾರೆ.

ಕಾಲೇಜಿಗೆ ಸರ್ಕಾರದ ಅನುಮತಿ, ಕೌನ್ಸಿಲಿನ ಮಾನ್ಯತೆ, ವಿಶ್ವವಿದ್ಯಾಲಯದ ಅಥವಾ ಪರೀಕ್ಷಾ ಮಂಡಳಿಯ ಸಂಯೋಜನೆ ಈ ಮೂರೂ ಸೇರುವ ವರ್ಷಕ್ಕೆ ಇವೆಯೇ ಎಂದು ಕಾಗದ ನೋಡಿಯೇ ಹಣ ಕಟ್ಟಬೇಕು. ಹಿಂದಿನ ವರ್ಷ ಇತ್ತೆಂಬುದು ಸಾಲದು. ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಅಧಿಕಾರ ದೆಹಲಿಯ ಪರಿಷತ್ತಿನದೋ ರಾಜ್ಯದ್ದೋ ಎಂಬ ವ್ಯಾಜ್ಯ 2017ರಲ್ಲಿ ನಮ್ಮ ಉಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ದೊಡ್ಡವರ ಆ ಜಗಳದಲ್ಲಿ ಆತಂಕಪಟ್ಟವರು ಮಕ್ಕಳು. ಮತ್ತೊಂದು ಪ್ರಶ್ನೆಯನ್ನೂ ಸಂಕೋಚವಿಲ್ಲದೆ ಕೇಳಿ: ಹುಡುಗಿ ಕಲಿಯುವ ಆಸ್ಪತ್ರೆ ಯಾವುದು, ಅಲ್ಲಿ ಹಾಸಿಗೆಗಳೆಷ್ಟು? ‘ತರಗತಿಗೆ ಬರುವುದು ಬೇಡ, ಪರೀಕ್ಷೆಗೆ ಬಂದರೆ ಸಾಕು’ ಎನ್ನುವ ಕಾಲೇಜಿನಿಂದ ದೂರವಿರುವುದೇ ಲೇಸು. ಹಾಗೆ ಪಡೆದ ಪತ್ರವನ್ನು ಹಿಡಿದು ವಾರ್ಡಿಗೆ ಕಾಲಿಡುವ ಹುಡುಗಿಯ ಕೈ ನಡುಗುವುದು ಸಹಜ, ನಡುಗದಿದ್ದರೆ ಇನ್ನೂ ಅಪಾಯ.

ನಮ್ಮವರಿಗೆ ಅತಿ ಹೆಚ್ಚು ತೊಡಕು ತರುವ ಸಂಗತಿ ಹೆಸರು. ಜ್ಞಾನಸ್ನಾನದ ಪುಸ್ತಕದಲ್ಲಿ ಮಗು ‘ಲೂರ್ದು ಮೇರಿ’. ಮನೆಯಲ್ಲಿ ಕರೆಯುವ ಹೆಸರನ್ನೇ ಶಾಲೆಗೆ ಸೇರಿಸಿದಾಗ ಮೇಷ್ಟ್ರು ಬರೆದುಕೊಂಡಿರುತ್ತಾರೆ. ಆಧಾರ್ ಮಾಡಿಸುವಾಗ ತಂದೆಯ ಹೆಸರು ಪೂರ್ತಿಯಾಗಿ ಹಿಂದೆ ಸೇರುತ್ತದೆ, ಅಂಕಪಟ್ಟಿಯಲ್ಲಿ ಅದೇ ತಂದೆ ಒಂದು ಇನಿಷಿಯಲ್ ಅಷ್ಟೇ. ಅಂತೋಣಿ ಒಂದು ಕಡೆ ಆಂಟನಿ, ಇನ್ನೊಂದು ಕಡೆ ಅಂತೋನಿರಾಜ್. ಮದುವೆಯಾದ ಮೇಲೆ ಗಂಡನ ಹೆಸರು ಬಂದು ಕೂರುತ್ತದೆ. ಊರಿನವರಿಗೆಲ್ಲ ಇವಳೊಬ್ಬಳೇ, ಕಚೇರಿಯ ಕಣ್ಣಿಗೆ ನಾಲ್ವರು. ಜಿಲ್ಲೆಯ ಹೆಸರೂ ನಮ್ಮಲ್ಲಿ ನಿಂತ ಕಡೆ ನಿಂತಿಲ್ಲ: ತಾಯಿಯ ಕಾಗದದಲ್ಲಿ ಬೆಂಗಳೂರು ಗ್ರಾಮಾಂತರ, 2007ರ ನಂತರದ ಮಗಳದರಲ್ಲಿ ರಾಮನಗರ, 2025ರಿಂದ ಈಚಿನವುಗಳಲ್ಲಿ ಬೆಂಗಳೂರು ದಕ್ಷಿಣ. ಆದರೆ ಜಿಲ್ಲೆಯನ್ನು ಬದಲಿಸಿದ್ದು ಸರ್ಕಾರವೇ ಆದ್ದರಿಂದ ಅದಕ್ಕೆ ಹುಡುಗಿ ಉತ್ತರ ಹೇಳಬೇಕಾಗಿಲ್ಲ. ಹೆಸರಿನ ವ್ಯತ್ಯಾಸಕ್ಕೆ ಮಾತ್ರ ಉತ್ತರ ಹೇಳಬೇಕಾದವಳು ಅವಳೇ.

ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರು ಮತ್ತು ಜನ್ಮದಿನಾಂಕವೇ ಮುಂದಿನ ಎಲ್ಲದಕ್ಕೂ ಬುಡ. ಅದರಲ್ಲಿ ಅಕ್ಷರದೋಷವಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಬರೆದು ಕೂಡಲೇ ತಿದ್ದಿಸಿಕೊಳ್ಳಬೇಕು. ಆಧಾರ್ ತಿದ್ದಿಸುವುದು ಅಂಕಪಟ್ಟಿ ತಿದ್ದಿಸುವುದಕ್ಕಿಂತ ಸುಲಭವಾದ್ದರಿಂದ, ಅಂಕಪಟ್ಟಿಯಲ್ಲಿರುವಂತೆಯೇ ಆಧಾರನ್ನು ಹೊಂದಿಸಿಕೊಳ್ಳುವುದು ಜಾಣತನ. ಮಕ್ಕಳು ಹತ್ತನೆಯ ತರಗತಿಯಲ್ಲಿರುವಾಗ, ಹೆಸರುಗಳ ಪಟ್ಟಿ ಶಾಲೆಯಿಂದ ಮಂಡಳಿಗೆ ಹೋಗುವ ಮುನ್ನ, ಧರ್ಮಕೇಂದ್ರದ ಗುರುಗಳು ಒಂದು ಭಾನುವಾರ ಪೂಜೆಯ ಕೊನೆಯಲ್ಲಿ ಈ ಪ್ರಕಟಣೆ ಹೇಳಿದರೆ ಎಷ್ಟೋ ಮನೆಗಳ ಅಲೆದಾಟ ತಪ್ಪೀತು. ಗುರುಗಳಿಗೆ ಇದು ಲೌಕಿಕ ವಿಷಯವೆನಿಸಬೇಕಾಗಿಲ್ಲ; ಜ್ಞಾನಸ್ನಾನದ ಪುಸ್ತಕ ಇರುವುದು ಅವರ ಬೀರುವಿನಲ್ಲೇ ಅಲ್ಲವೇ?

ತೇರ್ಗಡೆಯಾದ ಮೇಲೆ ಕೌನ್ಸಿಲಿಗೆ ಅರ್ಜಿ. ಈಗ ಅದನ್ನು ಕೌನ್ಸಿಲಿನ ಜಾಲತಾಣದ ಮೂಲಕ ಸಲ್ಲಿಸಬಹುದು. ಎಸ್.ಎಸ್.ಎಲ್.ಸಿ. ಮತ್ತು ಪಿಯುಸಿ ಅಂಕಪಟ್ಟಿ, ಓದಿದ ಎಲ್ಲ ವರ್ಷಗಳ ಅಂಕಪಟ್ಟಿ, ಡಿಪ್ಲೊಮಾ ಅಥವಾ ತಾತ್ಕಾಲಿಕ ಪದವಿ ಪತ್ರ, ವ್ಯಾಸಂಗ ಮುಗಿಸಿದ ಬಗ್ಗೆ ಪ್ರಾಂಶುಪಾಲರ ಪತ್ರ, ಆಧಾರ್, ಭಾವಚಿತ್ರ, ನಿಗದಿಯಾದ ಶುಲ್ಕ ಇವು ಬೇಕಾಗುತ್ತವೆ. ಶುಲ್ಕವೂ ಬೇಕಾದ ದಾಖಲೆಗಳ ಪಟ್ಟಿಯೂ ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ದಿನ ನೋಡಿಕೊಂಡೇ ಹಾಕತಕ್ಕದ್ದು. ಕನಕಪುರದಿಂದಲೋ ಮಾಗಡಿಯಿಂದಲೋ ಬಸ್ಸು ಹತ್ತಿ ಬಂದವರನ್ನು ಗುರುತು ಹಿಡಿದು ‘ನಾನು ಮಾಡಿಸಿಕೊಡುತ್ತೇನೆ’ ಎಂದು ಎದುರಾಗುವ ಮಧ್ಯವರ್ತಿಗಳಿಗೆ ಮೂಲ ಪತ್ರಗಳನ್ನು ಒಪ್ಪಿಸಬಾರದು. ಹೆಸರು ಪಟ್ಟಿಗೆ ಸೇರಿದ ಮೇಲೆ ರಾಷ್ಟ್ರೀಯ ದಾದಿಯರ ದಾಖಲೆಯಲ್ಲೂ ಆಧಾರ್‌ಗೆ ಜೋಡಿಸಿದ ಒಂದು ವಿಶಿಷ್ಟ ಸಂಖ್ಯೆ ದೊರೆಯುತ್ತದೆ. ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆಂದು ಐದು ವರ್ಷಗಳಲ್ಲಿ 150 ಗಂಟೆಗಳ ಮುಂದುವರಿಕೆ ಶಿಕ್ಷಣವನ್ನು ಭಾರತೀಯ ಪರಿಷತ್ತು ಗೊತ್ತುಪಡಿಸಿದೆ. ಕಾರ್ಯಾಗಾರಗಳಿಗೆ ಹೋದಾಗ ಕೊಡುವ ಪತ್ರಗಳನ್ನು ಹಾಗಾಗಿ ಬಿಸಾಡಬಾರದು.

ಮೂಲ ಪತ್ರಗಳ ಮಾತು ಬಂದಿತಲ್ಲ, ಅದರ ಬಗ್ಗೆ ಇನ್ನಷ್ಟು ಹೇಳಲೇಬೇಕು. ಬಾಕಿ ಶುಲ್ಕದ ನೆಪದಲ್ಲಿ ಕಾಲೇಜು, ‘ಎರಡು ವರ್ಷ ಬಿಟ್ಟುಹೋಗಕೂಡದು’ ಎಂಬ ಕರಾರಿನಲ್ಲಿ ನರ್ಸಿಂಗ್ ಹೋಮು, ಹುಡುಗಿಯ ಅಂಕಪಟ್ಟಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಳ್ಳುವ ಪದ್ಧತಿ ಇನ್ನೂ ಅಳಿದಿಲ್ಲ. ಪತ್ರವಿಲ್ಲದೆ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ಬೇರೆ ಕೆಲಸವಿಲ್ಲ, ಹೀಗಾಗಿ ಕೊಟ್ಟಷ್ಟು ಸಂಬಳಕ್ಕೆ ಅಲ್ಲೇ ಬಿದ್ದಿರಬೇಕು. ಉನ್ನತ ಶಿಕ್ಷಣ ಸಂಸ್ಥೆಗಳು ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳಕೂಡದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದನ್ನು ತೋರಿಸಿ ಲಿಖಿತವಾಗಿ ಕೇಳಿದರೆ ಎಷ್ಟೋ ಬೀರುಗಳು ತೆರೆದುಕೊಳ್ಳುತ್ತವೆ. ಬಾಯಿಮಾತಿನಲ್ಲಿ ಕೇಳಿದವರಿಗೆ ‘ನಾಳೆ ಬಾ’ ಎಂಬುದೇ ಗತಿ.

ಸಂಬಳದ ವಿಷಯದಲ್ಲೂ ನಮ್ಮ ಹುಡುಗಿಯರಿಗೆ ತಿಳಿದಿರಬೇಕಾದದ್ದೊಂದಿದೆ. ದಾದಿಯರ ಸಂಘ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2016ರ ಜನವರಿಯಲ್ಲಿ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ಸಮಿತಿಯೊಂದನ್ನು ನೇಮಿಸಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಯೂ ದಾದಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿಲ್ಲದಂತೆ ಕೊಡಬೇಕೆಂದೂ, ಇನ್ನೂರಕ್ಕೂ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ದಾದಿಯರ ಸಮನಾಗಿ ಕೊಡಬೇಕೆಂದೂ ಆ ಸಮಿತಿ ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳಿದಿರುವ ಆಸ್ಪತ್ರೆಗಳು ಬಹಳ ಎಂಬುದು ನಿಜ. ಆದರೂ ನೋಂದಣಿ ಸಂಖ್ಯೆಯುಳ್ಳವಳು ಅದನ್ನು ಎತ್ತಿ ಹೇಳಬಲ್ಲಳು. ಸಂಖ್ಯೆಯಿಲ್ಲದವಳನ್ನು ಲೆಕ್ಕದ ಪುಸ್ತಕದಲ್ಲಿ ‘ತರಬೇತಿಯವಳು’ ಎಂದು ಬರೆದು ಅರ್ಧ ಸಂಬಳಕ್ಕೆ ಪೂರ್ತಿ ದುಡಿಸಿಕೊಳ್ಳುವುದು ಸುಲಭ. ಔಷಧ ಕೊಡುವಲ್ಲಿ ಎಡವಟ್ಟಾಗಿ ರೋಗಿಯ ಕಡೆಯವರು ಬಾಗಿಲಿಗೆ ಬಂದ ದಿನ ಮೊದಲು ಮುಂದೆ ತಳ್ಳಲ್ಪಡುವವಳೂ ಅವಳೇ. ಆಗ ಆಕೆಯ ಪರವಾಗಿ ನಿಲ್ಲುವ ಒಂದು ಹಾಳೆಯೂ ಇರುವುದಿಲ್ಲ.

ಕೊಲ್ಲಿ ದೇಶಗಳ, ಇಂಗ್ಲೆಂಡಿನ, ಅಮೆರಿಕದ ಕನಸು ಕಾಣುವವರ ಸಂಖ್ಯೆ ನಮ್ಮಲ್ಲೂ ಬೆಳೆಯುತ್ತಿದೆ. ಅಲ್ಲಿನ ಪರೀಕ್ಷೆಗಳು ಬೇರೆ ಬೇರೆ. ಆದರೆ ‘ನಿಮ್ಮ ರಾಜ್ಯದ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ, ಅದು ಕಳಂಕವಿಲ್ಲದೆ ಚಾಲ್ತಿಯಲ್ಲಿದೆಯೇ’ ಎಂಬ ಪ್ರಶ್ನೆ ಎಲ್ಲ ಕಡೆಯೂ ಬರುತ್ತದೆ; ಅದಕ್ಕೆ ಉತ್ತರವನ್ನು ಕೌನ್ಸಿಲೇ ನೇರವಾಗಿ ಬರೆದು ಕಳಿಸಬೇಕು. ತಮಿಳುನಾಡಿಗೋ ಕೇರಳಕ್ಕೋ ಸೊಸೆಯಾಗಿ ಹೋಗುವವರೂ ಇಲ್ಲಿನ ಕೌನ್ಸಿಲಿನ ನಿರಾಕ್ಷೇಪಣಾ ಪತ್ರ ಪಡೆದೇ ಅಲ್ಲಿ ಹೆಸರು ಬರೆಸಬೇಕು.

ಈ ನಡುವೆ 2023ರ ಆಗಸ್ಟಿನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದ ರಾಷ್ಟ್ರೀಯ ಶುಶ್ರೂಷೆ ಮತ್ತು ಪ್ರಸೂತಿ ಆಯೋಗದ ಕಾಯ್ದೆಯನ್ನು 1947ರ ಕಾಯ್ದೆಯ ಸ್ಥಾನಕ್ಕೆಂದು ರೂಪಿಸಲಾಗಿದೆ. ರಾಜ್ಯಗಳಲ್ಲೂ ಆಯೋಗಗಳಿರಬೇಕೆಂದೂ, ರಾಜ್ಯದ ಅಥವಾ ರಾಷ್ಟ್ರದ ದಾಖಲೆಯಲ್ಲಿ ಹೆಸರಿಲ್ಲದವರು ದಾದಿಯಾಗಿ ವೃತ್ತಿ ನಡೆಸುವುದು ಶಿಕ್ಷಾರ್ಹವೆಂದೂ ಅದರಲ್ಲಿದೆ. ಕಚೇರಿಯ ಫಲಕದ ಮೇಲಿನ ಹೆಸರು ಬದಲಾಗಬಹುದು. ಹೆಸರು ಬರೆಸುವ ಕರ್ತವ್ಯ ಮಾತ್ರ ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ.

ಓದಿ ಹಲವು ವರ್ಷಗಳಾದ ಮೇಲೂ ನೋಂದಣಿಯಾಗದೆ ಉಳಿದ ಸೋದರಿಯರು ನಾಚಿ ಸುಮ್ಮನಿರಬೇಕಾಗಿಲ್ಲ. ಓದಿದ ಕಾಲೇಜು ಮುಚ್ಚಿಹೋಗಿದ್ದರೂ ಅಂಕಗಳ ದಾಖಲೆ ವಿಶ್ವವಿದ್ಯಾಲಯದಲ್ಲೋ ಪರೀಕ್ಷಾ ಮಂಡಳಿಯಲ್ಲೋ ಇರುತ್ತದೆ. ಕಳೆದುಹೋದ ಅಂಕಪಟ್ಟಿಯ ಎರಡನೆಯ ಪ್ರತಿಗೆ ಅಲ್ಲಿಗೇ ಬರೆಯಬೇಕು. ವಿಳಂಬಕ್ಕೆ ಕಾರಣ ತಿಳಿಸಿ ಕೌನ್ಸಿಲಿಗೆ ಅರ್ಜಿ ಸಲ್ಲಿಸಬೇಕು. ಧರ್ಮಕೇಂದ್ರದ ಯುವಜನ ಸಂಘದಲ್ಲಿ ಕಂಪ್ಯೂಟರ್ ಬಲ್ಲ ಹುಡುಗರಿಗೆ ಕೊರತೆಯಿಲ್ಲ, ಸಮೀಪದ ಕಾನ್ವೆಂಟಿನಲ್ಲಿ ನೋಂದಾಯಿತ ದಾದಿಯಾದ ಸೋದರಿಯೊಬ್ಬರು ಸಿಕ್ಕರೂ ಸಿಗಬಹುದು. ಇವರು ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಒಂದು ಗಂಟೆ ಕುಳಿತು ಅರ್ಜಿಗಳನ್ನು ತುಂಬಿಸಿಕೊಟ್ಟರೆ ಸಾಕು. ಅರ್ಜಿ ಹಾಕುವವರು ಕಾಗದಗಳ ಜೊತೆಗೆ ಅವುಗಳ ಎರಡೆರಡು ಪ್ರತಿಗಳನ್ನೂ, ಆಧಾರ್‌ಗೆ ಜೋಡಿಸಿದ ದೂರವಾಣಿಯನ್ನೂ ಮರೆಯದೆ ತರಬೇಕು.