ಕೆಟ್ಟ ನೆಟ್‌ವರ್ಕ್ ಕೊಡಿ, ಸರ್!

ಕಳೆದ ತಿಂಗಳು ಒಂದು ಸಂಜೆ ಬಿಟಿಎಂ ಲೇಔಟ್‌ನ ನಮ್ಮ ಪಿ.ಜಿ.ಯಲ್ಲಿ ಇಂಟರ್‌ನೆಟ್ ಕೈಕೊಟ್ಟಿತು. ರೂಮ್‌ಮೇಟ್‌ಗೆ ಏಳು ಗಂಟೆಗೆ ಕಂಪನಿಯೊಂದರ ಆನ್‌ಲೈನ್ ಟೆಸ್ಟ್. ನಮ್ಮ ರೂಮಿನಲ್ಲಿ ಮೊಬೈಲ್ ಸಿಗ್ನಲ್ ಒಂದು ಕಡ್ಡಿ ದಾಟುವುದಿಲ್ಲ, ಹಾಟ್‌ಸ್ಪಾಟ್ ನೆಚ್ಚಿಕೊಳ್ಳುವ ಹಾಗಿರಲಿಲ್ಲ. ವಿಚಿತ್ರವೆಂದರೆ ಪಕ್ಕದ ರೂಮಿನವರಿಗೆ ನೆಟ್ ಬರುತ್ತಿತ್ತು! ಓನರ್ ಆಂಟಿ ರೂಟರ್ ಆಫ್ ಮಾಡಿ ಆನ್ ಮಾಡಿದರು. ಕಸ್ಟಮರ್ ಕೇರ್‌ನವರು ಹೇಳಿದ್ದೂ ಅದನ್ನೇ.

ನಾನು ಬಿ.ಇ. ಆರನೇ ಸೆಮಿಸ್ಟರ್. ಲ್ಯಾಬ್ ರೆಕಾರ್ಡ್‌ನಲ್ಲಿ ‘ಐಪಿಕಾನ್ಫಿಗ್’, ‘ಪಿಂಗ್’ ಎಲ್ಲ ನೀಟಾಗಿ ಬರೆದು ಸಹಿ ಹಾಕಿಸಿಕೊಂಡವನು. ಆದರೂ ಆ ಕಪ್ಪು ಕಿಟಕಿ ತೆರೆಯಬೇಕೆಂದು ಹೊಳೆಯಲು ಅರ್ಧ ಗಂಟೆ ಬೇಕಾಯಿತು.

‘ಐಪಿಕಾನ್ಫಿಗ್’ ಕೊಟ್ಟು ನೋಡಿದರೆ ನನ್ನ ಲ್ಯಾಪ್‌ಟಾಪ್‌ನ ವಿಳಾಸ 192.168.0ರಿಂದ ಶುರು. ಪಕ್ಕದ ರೂಮಿನಲ್ಲಿ 192.168.1. ಗೇಟ್‌ವೇ ಕೂಡ ಬೇರೆ. ಅಂದರೆ ಒಂದೇ ಮನೆಯಲ್ಲಿ ವಿಳಾಸ ಹಂಚುವ ರೂಟರ್‌ಗಳು ಎರಡು! ನನ್ನ ಗೇಟ್‌ವೇಗೆ ಪಿಂಗ್ ಮಾಡಿದರೆ ಉತ್ತರ ಬಂತು, ಹೊರಗಿನ 8.8.8.8ಕ್ಕೆ ಮಾಡಿದರೆ ಇಲ್ಲ. ಹುಡುಕಿಕೊಂಡು ಹೋದೆವು. ಎರಡನೇ ಮಹಡಿಗೆ ಹೊಸದಾಗಿ ಬಂದ ಹುಡುಗ ಊರಿಂದ ತಂದ ಹಳೇ ರೂಟರನ್ನು ಗೋಡೆಯ ಕೇಬಲ್‌ಗೆ ಸಿಕ್ಕಿಸಿದ್ದ, ಅದೂ ಲ್ಯಾನ್ ಪೋರ್ಟ್‌ನಲ್ಲಿ. ತನಗೇ ಇಂಟರ್‌ನೆಟ್ ಇಲ್ಲದ ಆ ಪೆಟ್ಟಿಗೆ ಕೇಳಿದವರಿಗೆಲ್ಲ ವಿಳಾಸ ಕೊಡುತ್ತಾ ಕೂತಿತ್ತು. ಕೇಬಲ್ ಕಿತ್ತು, ರೂಮ್‌ಮೇಟ್‌ನ ಲ್ಯಾಪ್‌ಟಾಪ್‌ನಲ್ಲಿ ‘ಐಪಿಕಾನ್ಫಿಗ್ /ರಿಲೀಸ್’, ಆಮೇಲೆ ‘/ರಿನ್ಯೂ’ ಕೊಟ್ಟೆ. ಏಳಕ್ಕೆ ಐದು ನಿಮಿಷವಿದ್ದಾಗ ಅವನು ಲಾಗಿನ್ ಆದ.

ಪಿಂಗ್ ಹುಟ್ಟಿದ್ದೂ ಇಂಥದೇ ಪೇಚಿನಲ್ಲಿ. 1983ರ ಡಿಸೆಂಬರ್‌ನಲ್ಲಿ ತಾವು ಕೆಲಸ ಮಾಡುತ್ತಿದ್ದ ಅಮೆರಿಕದ ಪ್ರಯೋಗಾಲಯದ ನೆಟ್‌ವರ್ಕ್ ಹೇಗೆಹೇಗೋ ಆಡತೊಡಗಿದಾಗ ಮೈಕ್ ಮೂಸ್ ಒಂದೇ ಸಂಜೆಯಲ್ಲಿ ಅದನ್ನು ಬರೆದರು. ಕೆಟ್ಟ ನೆಟ್‌ವರ್ಕ್‌ಗಾಗಿ ಹುಟ್ಟಿದ ಕಮಾಂಡನ್ನು ನಮಗೆ ತೋರಿಸುವುದು ಮಾತ್ರ ಎಲ್ಲ ಸರಿಯಿರುವ ಲ್ಯಾಬ್‌ನಲ್ಲಿ. ಉತ್ತರ ಬರುತ್ತದೆ, ಬರೆದುಕೊಳ್ಳುತ್ತೇವೆ, ಮುಗಿಯಿತು. ಲಿನಕ್ಸ್ ಕಥೆ ಇನ್ನೂ ಚೆಂದ: ‘ಇಫ್‌ಕಾನ್ಫಿಗ್’ 2017ರ ಡೆಬಿಯನ್ 9ರಿಂದಲೇ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ, ಈಗ ಬಳಸಬೇಕಾದ್ದು ‘ಐಪಿ’. ನಮ್ಮ ರೆಕಾರ್ಡ್‌ನಲ್ಲಿ ಇನ್ನೂ ‘ಇಫ್‌ಕಾನ್ಫಿಗ್’ ರಾರಾಜಿಸುತ್ತಿದೆ.

ವಿದ್ಯಾರ್ಥಿಗಳು ಸೆಟ್ಟಿಂಗ್ ಕೆಡಿಸಿಬಿಡುತ್ತಾರೆ ಎಂಬುದು ಮೇಷ್ಟ್ರುಗಳ ಭಯ. ನಿಜ, ಕೆಡಿಸುತ್ತೇವೆ. ಅದಕ್ಕೇ ಹಳೇ ಕಂಪ್ಯೂಟರ್ ಎರಡು, ಒಂದು ಸ್ವಿಚ್ ಬೇರೆಯಾಗಿ ಕೊಡಿ. ಅದೂ ಇಲ್ಲದಿದ್ದರೆ ವರ್ಚುವಲ್ ಮಷೀನ್ ಸಾಕು, ದುಡ್ಡು ಬೇಕಿಲ್ಲ. ಪರೀಕ್ಷೆಯ ದಿನ ಒಂದರ ಗೇಟ್‌ವೇ ತಪ್ಪಿಸಿ, ಇನ್ನೊಂದರ ಡಿಎನ್‌ಎಸ್ ಕೆಡಿಸಿ ಇಟ್ಟು ‘ಸರಿ ಮಾಡಿ’ ಎನ್ನಿ. ಮಾರ್ಕ್ಸ್ ಕಡಿಮೆ ಬಂದರೂ ಪರವಾಗಿಲ್ಲ.

ಅಂದಹಾಗೆ, ಎರಡನೇ ಮಹಡಿಯ ಹುಡುಗ ತನ್ನ ರೂಟರನ್ನು ಈಗ ಸರಿಯಾಗಿ ಜೋಡಿಸಿಕೊಂಡಿದ್ದಾನೆ. ಸಿಗ್ನಲ್ ನಮ್ಮ ರೂಮಿಗಿಂತ ಅಲ್ಲೇ ಚೆನ್ನಾಗಿದೆ. ಅವನು ಓದುತ್ತಿರುವುದು ಬಿ.ಕಾಂ.