ಬಿಯರ್ ಕಂಪೆನಿಗಳ ನೀರಿನ ಲೆಕ್ಕ

ನಮ್ಮ ದೇಶದ ದೊಡ್ಡ ಕಂಪೆನಿಗಳು ವರ್ಷಕ್ಕೊಮ್ಮೆ ಷೇರುದಾರರ ಮುಂದಿಡುವ ಆಯವ್ಯಯದ ಲೆಕ್ಕದೊಡನೆ ಈಗ ಕೆಲವು ವರ್ಷಗಳಿಂದ ಮತ್ತೊಂದು ಕಡತವೂ ಸೇರಿ ಬರುತ್ತಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಷೇರುಪೇಟೆಯ ಮೇಲ್ವಿಚಾರಣೆಯನ್ನು ವಹಿಸಿರುವ ‘ಸೆಬಿ’ ಮಂಡಲಿಯು 2021ನೆಯ ಇಸವಿಯ ಮೇ ತಿಂಗಳಿನಲ್ಲಿ ಹೊರಡಿಸಿದ ಆಜ್ಞೆಯಂತೆ, ಪೇಟೆಯ ಮೌಲ್ಯದಲ್ಲಿ ಮೊದಲ ಸಾವಿರ ಸ್ಥಾನಗಳಲ್ಲಿರುವ ಕಂಪೆನಿಗಳು 2022-23ನೆಯ ಸಾಲಿನಿಂದ ‘ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ’ಯನ್ನು ಕಡ್ಡಾಯವಾಗಿ ಪ್ರಕಟಿಸಬೇಕಾಗಿದೆ. ಎಷ್ಟು ನೀರನ್ನು ತೆಗೆದರು, ಎಷ್ಟು ಹೊಗೆಯನ್ನು ಬಿಟ್ಟರು, ಕೂಲಿಗಾರರನ್ನು ಹೇಗೆ ನಡೆಸಿಕೊಂಡರು, ಸುತ್ತಲಿನ ಜನರೊಡನೆ ಯಾವ ಸಮಾಲೋಚನೆ ನಡೆಸಿದರು ಎಂಬುದೆಲ್ಲ ಅದರಲ್ಲಿ ಅಡಕವಾಗಿರತಕ್ಕದ್ದು. ಉದ್ದೇಶವು ಶ್ಲಾಘನೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೀರನ್ನೇ ಬಂಡವಾಳವಾಗಿ ಉಳ್ಳ ಬಿಯರ್ ಕಾರಖಾನೆಗಳ ವಿಷಯದಲ್ಲಿ ಈ ವರದಿಯು ಯಾರಿಗೆ ಉತ್ತರ ಕೊಡುತ್ತಿದೆ ಎಂಬುದನ್ನು ವಿಚಾರಿಸಬೇಕಾಗಿದೆ.

ಒಂದು ಲೀಟರು ಬಿಯರ್ ತಯಾರಾಗಬೇಕಾದರೆ ಕುದಿಸುವುದಕ್ಕೂ ತಣಿಸುವುದಕ್ಕೂ ಸೀಸೆ ತೊಳೆಯುವುದಕ್ಕೂ ಸೇರಿ ಕಾರಖಾನೆಯ ಗೋಡೆಯೊಳಗೆ ಸಾಮಾನ್ಯವಾಗಿ ಮೂರು ನಾಲ್ಕು ಲೀಟರು ನೀರು ಖರ್ಚಾಗುತ್ತದೆ. ಇದನ್ನು ತಗ್ಗಿಸಲು ಕಂಪೆನಿಗಳಲ್ಲಿ ಪೈಪೋಟಿಯೇ ನಡೆದಿದೆ. ನೀರಿನ ಅಭಾವವಿರುವ ಸ್ಥಳಗಳಲ್ಲಿ 2030ರ ವೇಳೆಗೆ 2.6 ಲೀಟರಿಗೆ ಇಳಿಸುವೆವೆಂದು ಹೈನೆಕೆನ್ ಕಂಪೆನಿಯು ಸಾರಿದೆ. ಡೆನ್ಮಾರ್ಕಿನ ಫ್ರೆಡೆರಿಸಿಯಾದಲ್ಲಿ ಕಾರ್ಲ್ಸ್‌ಬರ್ಗ್ ಕಂಪೆನಿಯು ಬಳಸಿದ ನೀರಿನಲ್ಲಿ ಶೇಕಡಾ 90ರಷ್ಟನ್ನು ಶುದ್ಧಮಾಡಿ ಮರಳಿ ಉಪಯೋಗಿಸುವ ಸ್ಥಾವರವನ್ನು 2021ರಲ್ಲಿ ತೆರೆಯಿತು. ಇವು ಮೆಚ್ಚತಕ್ಕ ಕೆಲಸಗಳೇ. ಆದರೆ ಗೋಡೆಯಾಚೆಗಿನ ಲೆಕ್ಕವು ಬೇರೆ ಇದೆ. ಅಂದಿನ ಸ್ಯಾಬ್‌ಮಿಲ್ಲರ್ ಕಂಪೆನಿಯು ವನ್ಯಜೀವಿ ಸಂರಕ್ಷಣೆಯ ಸಂಸ್ಥೆಯೊಂದರೊಡನೆ ಕೂಡಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬಾರ್ಲಿಯ ಬೆಳೆಯಿಂದ ಮೊದಲ್ಗೊಂಡು ಎಣಿಸಿದರೆ ಒಂದು ಲೀಟರು ಬಿಯರಿಗೆ ಝೆಕ್ ದೇಶದಲ್ಲಿ 45 ಲೀಟರು, ದಕ್ಷಿಣ ಆಫ್ರಿಕದಲ್ಲಿ 155 ಲೀಟರು ನೀರು ತಗಲುವುದೆಂದು ಒಪ್ಪಿಕೊಂಡಿತು. ತನ್ನ ಸರಕಿನ ನಿಜವಾದ ಬೆಲೆಯನ್ನು ತಾನಾಗಿ ಬಯಲಿಗಿಟ್ಟ ಕಂಪೆನಿಗಳು ವಿರಳ. ಅಷ್ಟರಮಟ್ಟಿಗೆ ಅದನ್ನು ಹೊಗಳಬೇಕು. ಮರುವರ್ಷವೇ ‘ಆಕ್ಷನ್‌ಏಡ್’ ಎಂಬ ಸಂಸ್ಥೆಯವರು, ಘಾನಾ ದೇಶದಲ್ಲಿ ಈ ಕಂಪೆನಿಯ ಕಾರಖಾನೆಯ ಬಳಿ ಗುಡಿಸಲಂಗಡಿಯಲ್ಲಿ ಬಿಯರ್ ಮಾರುವ ಹೆಂಗಸೊಬ್ಬಳು ಕೆಲವು ವರ್ಷಗಳಲ್ಲಿ ಆ ಕಾರಖಾನೆಗಿಂತ ಹೆಚ್ಚು ಆದಾಯದ ತೆರಿಗೆ ಕೊಟ್ಟಳೆಂದು ಆಪಾದಿಸಿದರು. ಕಂಪೆನಿಯು ತೆರಿಗೆ ತಪ್ಪಿಸಿದೆನೆಂಬ ಮಾತನ್ನು ಅಲ್ಲಗಳೆಯಿತು. ನಾವು ಇಲ್ಲಿ ತೀರ್ಪು ಹೇಳಲು ಕುಳಿತಿಲ್ಲ. ನೀರಿನ ವಿಷಯದಲ್ಲಿ ಬಾಯಿಬಿಟ್ಟು ಮಾತನಾಡಿದವರನ್ನು ತೆರಿಗೆಯ ವಿಷಯದಲ್ಲಿ ಹೊರಗಿನವರು ಕೆದಕಿ ಕೇಳಬೇಕಾಯಿತೆಂಬುದಷ್ಟೆ ನಮಗೆ ಬೇಕಾದುದು.

ಈಗ ಸೆಬಿಯ ನಮೂನೆಯನ್ನು ನೋಡೋಣ. ಅದರಲ್ಲಿ ಒಂಬತ್ತು ತತ್ತ್ವಗಳಿವೆ. ಪ್ರತಿಯೊಂದರಲ್ಲಿಯೂ ಪ್ರಶ್ನೆಗಳು ಕಡ್ಡಾಯವೆಂದೂ ಐಚ್ಛಿಕವೆಂದೂ ಎರಡು ಭಾಗವಾಗಿವೆ. ನಾಲ್ಕನೆಯ ತತ್ತ್ವವು ಹಿತಸಂಬಂಧಿಗಳಿಗೆ, ಎಂದರೆ ಕಂಪೆನಿಯ ನಡತೆಯಿಂದ ಲಾಭನಷ್ಟಗಳಿಗೆ ಗುರಿಯಾಗುವ ರೈತರು, ಕೂಲಿಗಾರರು, ಗಿರಾಕಿಗಳು, ನೆರೆಹೊರೆಯವರು ಮೊದಲಾದವರಿಗೆ ಸಂಬಂಧಪಟ್ಟುದು. ಇಲ್ಲಿ ಕಡ್ಡಾಯವಾಗಿ ಕೇಳಿರುವುದೇನು? ಹಿತಸಂಬಂಧಿಗಳನ್ನು ಗುರುತಿಸುವ ಕ್ರಮವೇನು, ಅವರು ಯಾರು ಯಾರು, ಅವರೊಡನೆ ಯಾವ ಮಾರ್ಗದಿಂದ ಎಷ್ಟು ಸಲ ವ್ಯವಹರಿಸುತ್ತೀರಿ ಎಂಬಿಷ್ಟೆ. ದುರ್ಬಲ ವರ್ಗದವರು ಯಾವ ದೂರನ್ನು ಹೇಳಿಕೊಂಡರು, ಅದಕ್ಕೆ ಏನು ಮಾಡಿದಿರಿ ಎಂಬ ಪ್ರಶ್ನೆಯು ಐಚ್ಛಿಕ ಭಾಗದಲ್ಲಿದೆ! ಆರನೆಯ ತತ್ತ್ವವಾದ ಪರಿಸರದ ಪ್ರಕರಣದಲ್ಲಿಯೂ ಹೀಗೆಯೇ. ಕಂಪೆನಿಯು ಒಟ್ಟು ಎಷ್ಟು ನೀರು ತೆಗೆಯಿತೆಂಬುದು ಕಡ್ಡಾಯ. ನೀರಿನ ಅಭಾವವಿರುವ ಪ್ರದೇಶಗಳ ಒಂದೊಂದು ಕಾರಖಾನೆಯೂ ಎಷ್ಟೆಷ್ಟು ತೆಗೆಯಿತೆಂಬುದು ಐಚ್ಛಿಕ. ಹೊಳೆಯ ಸರಾಸರಿ ಆಳವನ್ನು ಲೆಕ್ಕಹಾಕಿ ಸಂಸಾರವನ್ನು ದಾಟಿಸಹೋದ ಶಾನುಭೋಗರ ಕಥೆಯನ್ನು ಈ ನಮೂನೆಯನ್ನು ಬರೆದ ಮಹನೀಯರು ಕೇಳಿರಲಿಲ್ಲವೆಂದು ತೋರುತ್ತದೆ. ಬತ್ತಿದ ಬಾವಿಯ ಊರಿನವನಿಗೆ ಕಂಪೆನಿಯ ಅಖಿಲ ಭಾರತದ ಮೊತ್ತದಿಂದ ಆಗಬೇಕಾದ ಉಪಕಾರವೇನು? ಇದಲ್ಲದೆ ಷೇರುಪೇಟೆಯಲ್ಲಿ ಹೆಸರು ದಾಖಲಾಗದ ಕಂಪೆನಿಗಳಿಗೆ ಈ ಕಟ್ಟಳೆಯೇ ಅನ್ವಯಿಸುವುದಿಲ್ಲ.

ಕಾಗದದ ಸಮಾಲೋಚನೆಯು ನಡೆಯದ ಕಡೆ ಮಾತು ಬೇರೆ ಸ್ಥಳದಲ್ಲಿ ನಡೆದೇ ನಡೆಯುತ್ತದೆ. 2016ರ ಬೇಸಗೆಯಲ್ಲಿ ನಮ್ಮ ಬೀದರಿನ ನೆರೆಯ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಯಿತು. ಅದೇ ಮರಾಠವಾಡದ ಔರಂಗಾಬಾದಿನಲ್ಲಿ ಮದ್ಯದ ಮತ್ತು ಬಿಯರಿನ ಕಾರಖಾನೆಗಳಿಗೆ ನೀರು ಹರಿಯುತ್ತಲಿತ್ತು. ಜನರು ನ್ಯಾಯಾಲಯದ ಮೆಟ್ಟಲೇರಿದರು. ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠವು ಆ ಕಾರಖಾನೆಗಳ ನೀರನ್ನು ಶೇಕಡಾ 60ರವರೆಗೆ ಕಡಿತಗೊಳಿಸುವಂತೆ ಆಜ್ಞಾಪಿಸಿತು. ಮೆಕ್ಸಿಕೋ ದೇಶದ ಮೆಕ್ಸಿಕಾಲಿ ನಗರದ ವೃತ್ತಾಂತವು ಇದಕ್ಕಿಂತ ಕಠಿಣವಾದುದು. ಮರುಭೂಮಿಯ ಆ ಪ್ರಾಂತದಲ್ಲಿ ಅಮೆರಿಕದ ಕಾನ್‌ಸ್ಟೆಲೇಷನ್ ಕಂಪೆನಿಯು ಸುಮಾರು 140 ಕೋಟಿ ಡಾಲರುಗಳ ಬಿಯರ್ ಕಾರಖಾನೆಯನ್ನು ಕಟ್ಟತೊಡಗಿ, ಕೆಲಸವು ಅರ್ಧಕ್ಕಿಂತ ಹೆಚ್ಚು ಮುಗಿದಿದ್ದಾಗ, 2020ರ ಮಾರ್ಚಿಯಲ್ಲಿ ಸರ್ಕಾರದವರು ಜನಾಭಿಪ್ರಾಯವನ್ನು ಸಂಗ್ರಹಿಸಿದರು. ಮತ ಕೊಟ್ಟ ಸುಮಾರು 37 ಸಾವಿರ ಜನರಲ್ಲಿ ಶೇಕಡಾ 76 ಮಂದಿ ಬೇಡವೆಂದರು, ಅನುಮತಿಯು ನಿಂತುಹೋಯಿತು, ಕಂಪೆನಿಯು ನೀರು ಹೇರಳವಾಗಿರುವ ವೆರಾಕ್ರೂಜ್ ಪ್ರಾಂತಕ್ಕೆ ತೆರಳಬೇಕಾಯಿತು. ಹತ್ತು ಲಕ್ಷ ಜನರ ಊರಿನಲ್ಲಿ ಅಷ್ಟು ಅಲ್ಪ ಮತದಿಂದ ತೀರ್ಮಾನಿಸಿದುದು ನ್ಯಾಯವೆ ಎಂದು ಕೇಳುವವರಿದ್ದಾರೆ, ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಅಸ್ತಿವಾರ ತೋಡುವ ಮುಂಚೆ ರೈತರನ್ನು ಕೇಳಿದ್ದರೆ ಎರಡು ಪಕ್ಷಗಳಿಗೂ ಈ ಪೇಚಾಟವು ತಪ್ಪುತ್ತಿತ್ತು.

ಸಮಾಲೋಚನೆಯೇ ವ್ಯರ್ಥವೆಂದು ನಾವು ಹೇಳುವುದಿಲ್ಲ. ಕಾಂಗೋ ದೇಶದ ಬುಕಾವು ಪಟ್ಟಣದಲ್ಲಿ ಹೈನೆಕೆನ್‌ಗೆ ಸೇರಿದ ಬ್ರಾಲಿಮಾ ಕಂಪೆನಿಯು ಅಂತರ್ಯುದ್ಧದ ಕಾಲದಲ್ಲಿ ತಮ್ಮನ್ನು ಅನ್ಯಾಯವಾಗಿ ಕೆಲಸದಿಂದ ತೆಗೆಯಿತೆಂದು 168 ಮಂದಿ ಹಳೆಯ ಕೆಲಸಗಾರರು 2015ರಲ್ಲಿ ಹಾಲೆಂಡಿನ ಸರ್ಕಾರದ ಮಧ್ಯಸ್ಥಿಕೆಯ ಕಚೇರಿಗೆ ದೂರು ಕೊಟ್ಟರು. ಎರಡು ಪಕ್ಷದವರೂ ಎದುರುಬದುರು ಕುಳಿತರು. 2017ರಲ್ಲಿ ರಾಜಿಯಾಯಿತು. ಅಲ್ಲಿ ಮಾತಿಗೆ ಫಲ ದೊರೆತುದಕ್ಕೆ ಕಾರಣವು ಸ್ಪಷ್ಟವಾಗಿದೆ: ಯಾರೊಡನೆ ಮಾತನಾಡಬೇಕೆಂಬುದನ್ನು ಆರಿಸುವ ಅಧಿಕಾರವು ಕಂಪೆನಿಯ ಕೈಯಲ್ಲಿರಲಿಲ್ಲ; ಮಧ್ಯದಲ್ಲಿ ಮೂರನೆಯವರೊಬ್ಬರಿದ್ದರು.

ಈ ಸಂಗತಿಯು ನಮಗೆ ದೂರದ್ದೇನೂ ಅಲ್ಲ. 1915ರಲ್ಲಿ ಐದು ಕಾರಖಾನೆಗಳು ಕೂಡಿ ಹುಟ್ಟಿದ, ಬೆಂಗಳೂರಿನಲ್ಲಿ ಮುಖ್ಯ ಕಚೇರಿಯುಳ್ಳ ಯುನೈಟೆಡ್ ಬ್ರೂವರೀಸ್ ಕಂಪೆನಿಯಲ್ಲಿ 2021ರಿಂದ ಅರ್ಧಕ್ಕಿಂತ ಹೆಚ್ಚಿನ ಷೇರುಗಳು ಅದೇ ಹೈನೆಕೆನ್‌ನ ಕೈಸೇರಿವೆ. ಅಂದಮೇಲೆ ನಂಜನಗೂಡಿನ ನೀರಿನ ಲೆಕ್ಕವು ಆಮ್‌ಸ್ಟರ್‌ಡ್ಯಾಮಿನ ಕಡತಕ್ಕೆ ಸೇರುತ್ತದೆ. ಅದು ನಂಜನಗೂಡಿನ ಸುತ್ತಣ ಪಂಚಾಯಿತಿಗಳಿಗೆ ಕನ್ನಡದಲ್ಲಿ ದೊರೆಯುವುದು ಅದಕ್ಕಿಂತ ಅವಶ್ಯಕ.

ನಮ್ಮ ಸರ್ಕಾರದವರಿಗೆ ಇಲ್ಲಿ ಸಂಕೋಚವಿರುವುದನ್ನು ನಾವು ಬಲ್ಲೆವು. ಸಂವಿಧಾನದ 47ನೆಯ ವಿಧಿಯು ಪಾನನಿರೋಧವನ್ನು ಬೋಧಿಸುತ್ತದೆ. ಬೊಕ್ಕಸವು ಅಬಕಾರಿಯ ವರಮಾನವನ್ನು ಬೇಡುತ್ತದೆ. ಎರಡು ದೋಣಿಗಳಲ್ಲಿ ಕಾಲಿಟ್ಟವರು ಕಾರಖಾನೆಯವರನ್ನು ಗದರಿಸಿ ಕೇಳುವುದು ಕಷ್ಟ. ಆದರೂ ಅಧಿಕಾರವೇನೂ ಕಡಿಮೆಯಿಲ್ಲ. 2003ರಲ್ಲಿ ಸ್ಥಾಪಿತವಾದ ರಾಜ್ಯ ಪಾನೀಯ ನಿಗಮದ ಮೂಲಕವೇ ಈ ಸರಕೆಲ್ಲ ಮಾರಾಟಕ್ಕೆ ಬರಬೇಕು. ಅಂತರ್ಜಲವನ್ನು ಹತೋಟಿಯಲ್ಲಿಡಲು 2011ರ ಕಾಯಿದೆಯಿದೆ. ಸನ್ನದು ವರ್ಷ ವರ್ಷಕ್ಕೂ ನವೀಕರಣವಾಗಬೇಕು. ಷೇರುಪೇಟೆಯಲ್ಲಿರಲಿ ಇಲ್ಲದಿರಲಿ, ಪ್ರತಿಯೊಂದು ಬಿಯರ್ ಕಾರಖಾನೆಯೂ ತಿಂಗಳು ತಿಂಗಳಿಗೆ ತೆಗೆದ ನೀರೆಷ್ಟು, ಯಾವ ಮೂಲದಿಂದ, ಹೊರಬಿಟ್ಟದ್ದೆಷ್ಟು ಎಂಬುದನ್ನು ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಕನ್ನಡದಲ್ಲಿ ಪ್ರಕಟಿಸಬೇಕೆಂದೂ, ವರ್ಷಕ್ಕೊಮ್ಮೆ ತಹಶೀಲ್ದಾರರ ಸಮಕ್ಷಮದಲ್ಲಿ ಗ್ರಾಮಸಭೆಯ ಪ್ರಶ್ನೆಗಳಿಗೆ ಉತ್ತರ ಹೇಳಬೇಕೆಂದೂ ಸನ್ನದಿನಲ್ಲಿ ಷರತ್ತು ಹಾಕಲು ಅಡ್ಡಿಯೇನು? ಸೆಬಿಯವರು ಅಭಾವದ ಪ್ರದೇಶಗಳ ಲೆಕ್ಕವನ್ನು ಐಚ್ಛಿಕ ಭಾಗದಿಂದ ಕಡ್ಡಾಯ ಭಾಗಕ್ಕೆ ವರ್ಗಾಯಿಸುವವರೆಗೆ ನಮ್ಮವರು ಕಾದಿರಬೇಕಾಗಿಲ್ಲ. ಅಬಕಾರಿಯ ಹೊಸ ವರ್ಷವು ಜುಲೈ 1ರಂದು ಪ್ರಾರಂಭವಾಗುತ್ತದೆ. ಕರಡನ್ನು ಸಿದ್ಧಪಡಿಸುವ ಕೆಲಸವನ್ನು ಅಬಕಾರಿ ಮತ್ತು ಅಂತರ್ಜಲ ಇಲಾಖೆಗಳ ಅಧಿಕಾರಿಗಳು ಕೂಡಿ ಈಗಲೇ ಕೈಗೊಳ್ಳುವುದು ಯುಕ್ತವಾಗಿದೆ.