ಹಳೆಯ ಮೈಕಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬುದು ದೇವಾಲಯಗಳಿಗೆ ಮಾತ್ರ ಸಲ್ಲತಕ್ಕ ಮಾತಲ್ಲ. ಮನೆಯ ಹಳೆಯ ಸಾಧನವೊಂದನ್ನು ಮೂಲಸ್ವರೂಪ ಕೆಡದಂತೆ ಮತ್ತೆ ಕೆಲಸಕ್ಕೆ ತರುವುದೂ ಜೀರ್ಣೋದ್ಧಾರವೇ. ಅಮೆರಿಕದಲ್ಲಿದ್ದು ಬಂದ ತಮ್ಮ ದಿವಂಗತ ಚಿಕ್ಕಪ್ಪನವರ ಪೆಟ್ಟಿಗೆಯಲ್ಲಿ ಮೇಜಿನ ಮೇಲಿಡುವ ಮೈಕೊಂದು ದೊರೆತಿದೆಯೆಂದೂ, ಗುಜರಿಯವನು ಅದನ್ನು ತೂಕಕ್ಕೆ ಕೇಳುತ್ತಿರುವನೆಂದೂ ಹನೂರಿನ ವಾಚಕರೊಬ್ಬರು ಬರೆದಿರುವರು. ಕೊಡಕೂಡದೆಂಬುದೇ ನಮ್ಮ ಉತ್ತರ.

ಅಮೆರಿಕದಲ್ಲಿ ೧೯೫೮ನೆಯ ಇಸವಿಯಲ್ಲಿ ೨೭ ಮೆಗಾಹರ್ಟ್ಸ್ ಸುಮಾರಿನ ಅಲೆಗಳನ್ನು ಜನಸಾಮಾನ್ಯರ ಕಿರುದೂರದ ಸಂಭಾಷಣೆಗೆ ಬಿಟ್ಟುಕೊಟ್ಟರು. ಇದೇ ಸಿಟಿಜನ್ಸ್ ಬ್ಯಾಂಡ್, ಅಥವಾ ಸಿ.ಬಿ. ರೇಡಿಯೋ. ಅದರ ಮೇಜಿನ ಮೈಕುಗಳಲ್ಲಿ ಅನೇಕವು ತಮ್ಮ ಪೀಠದೊಳಗೇ ೯ ವೋಲ್ಟಿನ ಬ್ಯಾಟರಿಯಿಂದ ನಡೆಯುವ ಪುಟ್ಟ ಆಂಪ್ಲಿಫೈಯರನ್ನು ಹೊಂದಿರುವುವು. ಆಸ್ಟ್ಯಾಟಿಕ್ ಸಂಸ್ಥೆಯ ಡಿ-೧೦೪ ಇವುಗಳಲ್ಲಿ ಪ್ರಸಿದ್ಧವಾದುದು. ನಮ್ಮ ದೇಶದಲ್ಲಿ ೨೦೦೫ರ ನಿಯಮವು ಈ ಅಲೆಗಳ ೫ ವಾಟ್ ಮೀರದ ಸಲಕರಣೆಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು; ಅದಕ್ಕಿಂತ ಪ್ರಬಲವಾದ ವಿದೇಶೀ ಯಂತ್ರಕ್ಕೆ ಅದು ಸಲ್ಲದು. ಮೈಕಾದರೋ ತಾನಾಗಿ ಅಲೆಗಳನ್ನು ಹೊರಡಿಸತಕ್ಕುದಲ್ಲ. ತಂತಿಯನ್ನು ಸರಿಯಾಗಿ ಜೋಡಿಸಿದರೆ ಭಜನೆಯ ಮನೆಯ ಆಂಪ್ಲಿಫೈಯರಿಗೂ ಅದನ್ನು ಬಳಸಬಹುದು.

ಡಿ-೧೦೪ರಂತಹ ಮೈಕಿನ ಜೀವವಿರುವುದು ರೋಶೆಲ್ ಉಪ್ಪಿನ ಸ್ಫಟಿಕದಲ್ಲಿ. ನಮ್ಮ ಹುಣಸೆಹಣ್ಣಿಗೆ ಹುಳಿಯನ್ನು ಕೊಡುವ ಟಾರ್ಟಾರಿಕ್ ಆಮ್ಲವು ಸೋಡಿಯಂ ಪೊಟಾಸಿಯಂಗಳೊಡನೆ ಕೂಡಿ ಈ ಉಪ್ಪಾಗುವುದು. ದನಿಯ ಒತ್ತಡದಿಂದ ಸ್ಫಟಿಕವು ಬಾಗಿದೊಡನೆ ಅದರಲ್ಲಿ ವಿದ್ಯುತ್ತು ಹುಟ್ಟುವುದು. ಒತ್ತಡಕ್ಕೊಳಗಾದ ಸ್ಫಟಿಕಗಳ ಈ ಗುಣವನ್ನು ಕ್ಯೂರಿ ಸಹೋದರರು ೧೮೮೦ರಲ್ಲಿ ತೋರಿಸಿದರು. ಆದರೆ ಈ ಉಪ್ಪು ಬಹು ಸುಕುಮಾರ. ತೇವದಲ್ಲಿ ಕರಗುವುದು, ಅತಿಶುಷ್ಕತೆಯಲ್ಲಿ ತನ್ನ ನೀರನ್ನು ಕಳೆದುಕೊಂಡು ಪುಡಿಯಾಗುವುದು, ಸುಮಾರು ೫೫ ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಕೆಟ್ಟೇಹೋಗುವುದು. ಆದುದರಿಂದ ಕೊಳ್ಳೇಗಾಲದ ಬೇಸಗೆಯಲ್ಲಿ ಮುಚ್ಚಿದ ಕಾರಿನೊಳಗೂ, ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಮಳೆಗಾಲದಲ್ಲಿ ತಣ್ಣನೆಯ ಗೋಡೆಗೆ ತಾಗಿಸಿಯೂ ಇಂತಹ ಮೈಕನ್ನು ಇರಿಸಕೂಡದು. ಹತ್ತಿಬಟ್ಟೆಯಲ್ಲಿ ಸುತ್ತಿ, ಒಲೆಯಿಂದ ದೂರ, ಗಾಳಿಯಾಡುವ ಬೀರುವಿನಲ್ಲಿಡುವುದೇ ಮೇಲು.

ಇನ್ನು ದುರಸ್ತಿಯ ಕ್ರಮ. ಮೊದಲು ಪೀಠದ ಬ್ಯಾಟರಿಯನ್ನು ತೆಗೆಯಿರಿ. ಅಲ್ಕಲೈನ್ ಬ್ಯಾಟರಿ ಸೋರಿ ಬಿಳಿಯ ಬೂಷ್ಟಿನಂತೆ ಹೆಪ್ಪುಗಟ್ಟಿದ್ದರೆ, ಕೈಗವಸು ತೊಟ್ಟು, ಹತ್ತಿಗೆ ತುಸು ನಿಂಬೆರಸ ಸೋಕಿಸಿ ಒರಸಿ, ಬಳಿಕ ತೇವವುಳಿಯದಂತೆ ಒಣಗಿಸಬೇಕು. ತಂತಿಗಳನ್ನು ಬಿಚ್ಚುವ ಮೊದಲು ಯಾವ ಬಣ್ಣದ್ದು ಎಲ್ಲಿಗೆ ಹೋಗಿದೆಯೆಂದು ಕಾಗದದ ಮೇಲೆ ಬರೆದುಕೊಳ್ಳಿರಿ. ದನಿ ಬಂದು ನಿಲ್ಲುತ್ತಿದ್ದರೆ ಪ್ಲಗ್ಗಿನ ಕತ್ತಿನ ಬಳಿ ತಂತಿ ಮುರಿದಿರುವ ಸಂಭವವೇ ಹೆಚ್ಚು. ತಿರುಗಣೆ ಕರಕರವೆಂದರೆ ಹಲವು ಸಲ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದರೆ ಬಹುಶಃ ಸರಿಹೋಗುವುದು. ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಣಗಿದ್ದರೆ ಧನ ಋಣಗಳು ತಪ್ಪದಂತೆ ಹೊಸವನ್ನು ಹಾಕಿಸಬೇಕು. ಆಗ ಬೆಸುಗೆಯ ಶಾಖವು ಸ್ಫಟಿಕದ ಬಳಿ ಸುಳಿಯದಿರಲಿ. ಸ್ಫಟಿಕವೇ ಸತ್ತಿದ್ದರೆ ಅದನ್ನು ಬದುಕಿಸಲಾಗದು. ಅದರ ಸ್ಥಾನದಲ್ಲಿ ಬೇರೊಂದು ಧ್ವನಿಗ್ರಾಹಕವನ್ನು ಕೂಡಿಸಬಹುದು. ಹಳೆಯದನ್ನು ಎಸೆಯದೆ ಹೆಸರು ಬರೆದ ಪೊಟ್ಟಣದಲ್ಲಿಡಿರಿ.

ಸರಿಹೋದ ಮೈಕನ್ನು ಕೆಡಿಸುವುದು ಬಹುಮಟ್ಟಿಗೆ ಬಳಸುವವನ ಆತುರ. ತಿರುಗಣೆಯನ್ನು ಪೂರ್ತಿ ಏರಿಸಿದರೆ ದನಿ ದೊಡ್ಡದಾಗುವುದೇ ಹೊರತು ಸ್ಪಷ್ಟವಾಗದು; ಮಾತೆಲ್ಲ ಒಡೆದು ಗದ್ದಲವಾಗುವುದು. ತಗ್ಗಿನಿಂದ ಆರಂಭಿಸಿ, ಕೇಳುವವರು ಸಾಕೆಂದಲ್ಲಿ ನಿಲ್ಲಿಸತಕ್ಕುದು. ಪಾಣಿನೀಯ ಶಿಕ್ಷೆಯು ರಾಗವೆಳೆಯುವವನನ್ನೂ, ಅವಸರಿಸುವವನನ್ನೂ, ತಲೆಯಾಡಿಸುವವನನ್ನೂ, ಕ್ಷೀಣಕಂಠನನ್ನೂ ಅಧಮ ಪಾಠಕರಲ್ಲಿ ಎಣಿಸಿದೆ. ಮೈಕಿನ ಮುಂದೆಯೂ ಈ ವಿವೇಕವೇ ಸಲ್ಲುವುದು: ನಾಲ್ಕು ಬೆರಳ ದೂರದಲ್ಲಿ ತಲೆಯನ್ನು ಸ್ಥಿರವಾಗಿಟ್ಟು, ಸಹಜ ಕಂಠದಿಂದ, ನಿಧಾನವಾಗಿ ಮಾತನಾಡಿರಿ. ಕೆಲಸ ಮುಗಿದು ಮೈಕನ್ನು ಎತ್ತಿಡುವಾಗ ಬ್ಯಾಟರಿಯನ್ನು ಬೇರೆಯಾಗಿಡುವುದನ್ನು ಮರೆಯಬೇಡಿರಿ.